ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆ: ಇನ್ಶೂರೆನ್ಸ್‌ನಲ್ಲೋ, ಕೈದುಡ್ಡಿನಲ್ಲೋ, ಊರಿಂದಲೋ?

"ಅಕ್ಕಾ, ಇಲ್ಲಿ ಮಾತ್ರೆ ಫ್ರೀ ಅಂತಾರೆ. ನನ್ನ ಹತ್ರ ಮಾತ್ರ ಫಾರ್ಮಸಿಯವರು 45 ಡಾಲರ್ ಕೇಳಿದರು. ಯಾಕೆ?"

ಇಂಥ ಪ್ರಶ್ನೆ ನನಗೆ ತಿಂಗಳಿಗೆ ಒಂದಾದರೂ ಬರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಸಿಗುವ ಎಚ್‌-4 ವೀಸಾದಲ್ಲಿ ಈಗಷ್ಟೇ ಬಂದ ಹೊಸ ಮದುಮಗಳು, ಎಂಎಸ್ ಓದುತ್ತಿರುವ ಹುಡುಗಿ, ಹೋದ ವಾರ ಕೆಲಸ ಕಳೆದುಕೊಂಡವರು, ಇಲ್ಲೇ ಹುಟ್ಟಿ ಇನ್ನೂ ಅಪ್ಪನ ಇನ್ಶೂರೆನ್ಸ್‌ನಲ್ಲಿರುವ ಮಗಳು. ಅದೇ ಮಾತ್ರೆಗೆ ಒಬ್ಬಳು ಸೊನ್ನೆ ಕೊಡುತ್ತಾಳೆ, ಪಕ್ಕದ ಅಪಾರ್ಟ್‌ಮೆಂಟಿನವಳು 45 ಕೊಡುತ್ತಾಳೆ. ನೋಡಿದರೆ ಇಬ್ಬರ ಕಾರ್ಡಿನ ಮೇಲೂ ಒಂದೇ ಇನ್ಶೂರೆನ್ಸ್ ಕಂಪನಿಯ ಹೆಸರು!

ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ಇಲ್ಲಿನ ಬಿಲ್‌ಗಳ ಜೊತೆ ಹಲವು ವರ್ಷ ಗುದ್ದಾಡಿ ಕಲಿತವಳು. ನಿಮಗೆ ಯಾವ ಮಾತ್ರೆ ಒಗ್ಗುತ್ತದೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಆ ಮಾತ್ರೆ ಯಾವ ದಾರಿಯಿಂದ ಕೈಗೆ ಬಂದರೆ ಲೇಸು ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಏನು ನೋಡಬೇಕು

ನಾನು ಐದು ವಿಷಯ ನೋಡುತ್ತೇನೆ. ಮೊದಲನೆಯದು ವರ್ಷದ ಒಟ್ಟು ಖರ್ಚು. ಅಂದರೆ ಮಾತ್ರೆಯ ಜೊತೆಗೆ ಡಾಕ್ಟರ್ ಭೇಟಿಯ ಬಿಲ್ಲೂ ಸೇರಬೇಕು. ಎರಡನೆಯದು, ನಿಮಗೆ ಒಗ್ಗಿದ ಅದೇ ಮಾತ್ರೆ ಸಿಗುತ್ತದೋ, ಅವರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕೋ. ಮೂರನೆಯದು, ನಡುವೆ ಮಾತ್ರೆ ತಪ್ಪುವ ಭಯ ಎಷ್ಟು. ಊರಿಗೆ ಹೋದಾಗ, ಕೆಲಸ ಬದಲಾದಾಗ, ಮನೆ ಬದಲಿಸಿದಾಗ ಇದೇ ದೊಡ್ಡ ತಲೆನೋವು. ನಾಲ್ಕನೆಯದು, ಎಷ್ಟು ಬೇಗ ಶುರು ಮಾಡಬಹುದು. ಐದನೆಯದು, ಯಾರಿಗೆಲ್ಲ ಗೊತ್ತಾಗುತ್ತದೆ. ಈ ಐದನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಅರ್ಧದಷ್ಟು ಪ್ರಶ್ನೆಗಳ ಹಿಂದೆ ಅದೇ ಕೂತಿರುತ್ತದೆ.

ಕಂಪನಿ ಕೊಡುವ ಇನ್ಶೂರೆನ್ಸ್

ಇದ್ದರೆ ಮೊದಲು ಇಲ್ಲಿಂದಲೇ ಶುರು ಮಾಡಿ. 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ (ಎಸಿಎ), ಜನ ಒಬಾಮಾ ಕೇರ್ ಅನ್ನುತ್ತಾರಲ್ಲ, ಅದರಡಿ 2012ರ ಆಗಸ್ಟ್‌ನಿಂದ ಒಂದು ನಿಯಮ ಬಂತು. ಹೆಚ್ಚಿನ ಪ್ಲಾನ್‌ಗಳು ಗರ್ಭನಿರೋಧಕಗಳನ್ನು ಕೋಪೇ, ಅಂದರೆ ಪ್ರತಿ ಸಲ ನಾವು ಕೈಯಿಂದ ಕೊಡುವ ಪಾಲು, ಇಲ್ಲದೆ ಕೊಡಬೇಕು. ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ದುಡ್ಡು ಬಿಚ್ಚುವ ಮೊದಲು ವರ್ಷಕ್ಕೆ ಇಷ್ಟು ಅಂತ ನಾವು ಕೊಡಬೇಕಾದ ಮೊತ್ತ, ಮುಗಿದಿರಬೇಕು ಅಂತಲೂ ಇಲ್ಲ. ನಿಮ್ಮದು 3,000 ಡಾಲರ್ ಡಿಡಕ್ಟಿಬಲ್‌ನ ಪ್ಲಾನ್ ಆಗಿದ್ದರೂ ಜನವರಿ ಮೊದಲ ವಾರದ ಮಾತ್ರೆಗೆ ಸೊನ್ನೆಯೇ ಆಗಬೇಕು.

ಹಾಗಾದರೆ 45 ಡಾಲರ್ ಎಲ್ಲಿಂದ ಬಂತು?

ನಿಯಮವನ್ನು ಸರಿಯಾಗಿ ಓದಿದರೆ ಗೊತ್ತಾಗುತ್ತದೆ. ಎಲ್ಲ ಮಾತ್ರೆಗಳೂ ಫ್ರೀ ಅಂತ ಅದು ಹೇಳುವುದಿಲ್ಲ. ಪ್ರತಿ ಬಗೆಯಲ್ಲಿ ಕನಿಷ್ಠ ಒಂದು ಫ್ರೀ ಇರಬೇಕು ಅನ್ನುತ್ತದೆ. ಊಟ ಫ್ರೀ ಅಂದ ಮಾತ್ರಕ್ಕೆ ಅಡುಗೆಮನೆಯಲ್ಲಿ ಇರುವುದೆಲ್ಲ ಬಡಿಸುವುದಿಲ್ಲ ಅಲ್ವಾ? ಒಂದು ಪಲ್ಯ, ಒಂದು ಸಾರು ಎಲೆಗೆ ಬೀಳಲೇಬೇಕು, ಯಾವ ಪಲ್ಯ ಅನ್ನುವುದು ಬಡಿಸುವವರ ಕೈಯಲ್ಲಿದೆ. ಮಾತ್ರೆಗಳಲ್ಲಿ ಮೂರು ಬಗೆ: ಎರಡು ಹಾರ್ಮೋನ್ ಇರುವುದು, ಪ್ರೊಜೆಸ್ಟಿನ್ ಒಂದೇ ಇರುವುದು, ಮುಟ್ಟನ್ನು ತಿಂಗಳುಗಟ್ಟಲೆ ಮುಂದೂಡುವ ದೀರ್ಘ ಕೋರ್ಸಿನದು. ಪ್ರತಿಯೊಂದರಲ್ಲೂ ಪ್ಲಾನ್ ತನಗೆ ಅಗ್ಗವಾದ ಜೆನೆರಿಕ್ ಅನ್ನು ಸೊನ್ನೆಗೆ ಇಟ್ಟು, ಬ್ರ್ಯಾಂಡ್ ಮಾತ್ರೆಗೆ ಕೋಪೇ ಹಾಕಬಹುದು. ಅದು ಕಾನೂನಿಗೆ ಒಪ್ಪಿಗೆಯೇ.

ಇನ್ನೊಂದು ಬಾಗಿಲೂ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ಫ್ರೀ ಪಟ್ಟಿಯಲ್ಲಿರುವುದು ನಿಮಗೆ ಒಗ್ಗುತ್ತಿಲ್ಲ, ಈ ಮಾತ್ರೆಯೇ ಬೇಕು ಅಂತ ಡಾಕ್ಟರ್ ಬರೆದುಕೊಟ್ಟರೆ, ಪ್ಲಾನ್ ಆ ಮಾತನ್ನು ಒಪ್ಪಿ ಅದನ್ನೂ ಸೊನ್ನೆಗೆ ಕೊಡಬೇಕು. ಇದಕ್ಕೆ 'ಎಕ್ಸೆಪ್ಷನ್' ಅನ್ನುತ್ತಾರೆ. ನನಗೇ ಒಮ್ಮೆ ಹೀಗಾಯಿತು. ಪ್ಲಾನಿನ ಪಟ್ಟಿ ಬದಲಾಗಿ, ವರ್ಷಗಟ್ಟಲೆ ತೆಗೆದುಕೊಂಡ ಮಾತ್ರೆಗೆ ಇದ್ದಕ್ಕಿದ್ದಂತೆ ಬಿಲ್ ಬಂತು. ಫೋನಿನಲ್ಲಿ ಸಿಕ್ಕ ಮೊದಲ ವ್ಯಕ್ತಿ "ಏನೂ ಮಾಡೋಕಾಗಲ್ಲ" ಅಂದರು. ಎರಡನೆಯವರು ಫಾರ್ಮ್ ಇದೆ ಅಂದರು. ಡಾಕ್ಟರ್ ಆಫೀಸಿನಿಂದ ಆ ಫಾರ್ಮ್ ಹೋದ ಮೇಲೆ ಬಿಲ್ ಸೊನ್ನೆಯಾಯಿತು. ನಡುವಿನ ಎರಡು ವಾರ ಮಾತ್ರ ಕೈಯಿಂದ ಕೊಟ್ಟೆ. ಬೆಲೆ ಜಾಸ್ತಿಯ ಬ್ರ್ಯಾಂಡ್ ಮಾತ್ರೆ ತೆಗೆದುಕೊಳ್ಳುವವರು ಈ ತೊಂದರೆ ಪಡುವುದರಲ್ಲಿ ಅರ್ಥವಿದೆ. ಲೋ ಲೋಎಸ್ಟ್ರಿನ್, ಸ್ಲಿಂಡ್‌ನಂಥವು ಇನ್ಶೂರೆನ್ಸ್ ಇಲ್ಲದೆ ತಿಂಗಳಿಗೆ ನೂರೈವತ್ತು, ಇನ್ನೂರು ಡಾಲರ್ ಮುಟ್ಟಬಹುದು. ಸಾದಾ ಜೆನೆರಿಕ್ ಒಗ್ಗುವವರಿಗೆ ಈ ಗೋಳೇ ಬೇಡ. ಪ್ಲಾನಿನ ಔಷಧಿ ಪಟ್ಟಿ ತೆರೆದು, ಸೊನ್ನೆ ಡಾಲರ್ ಇರುವ ಹೆಸರು ನೋಡಿಕೊಂಡು ಡಾಕ್ಟರ್ ಹತ್ತಿರ ಹೋದರೆ ಸಾಕು.

ಡಾಕ್ಟರ್ ಭೇಟಿಯಲ್ಲೂ ಒಂದು ಗುಂಡಿ ಇದೆ. ಗರ್ಭನಿರೋಧಕದ ಬಗ್ಗೆ ಸಲಹೆ ಕೇಳುವ ಭೇಟಿ ಫ್ರೀ. ಅದೇ ಭೇಟಿಯಲ್ಲಿ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ), ಮೊಡವೆ, ಹೊಟ್ಟೆನೋವು ಅಂತ ಮಾತು ಬೆಳೆಸಿದರೆ ಆಫೀಸಿನವರು ಅದನ್ನು 'ಸಮಸ್ಯೆಯ ಭೇಟಿ' ಅಂತ ಬಿಲ್ ಮಾಡಬಹುದು. ಆಗ ಕೋಪೇ, ಡಿಡಕ್ಟಿಬಲ್ ಎಲ್ಲ ಶುರು. ಕಾಯಿಲೆ ಮುಚ್ಚಿಡಿ ಅಂತ ಹೇಳುತ್ತಿಲ್ಲ. ಹೇಳಲೇಬೇಕು. ಬಿಲ್ ಬರಬಹುದು ಅಂತ ಗೊತ್ತಿರಲಿ ಅಷ್ಟೆ. ಡಾಕ್ಟರ್, ಫಾರ್ಮಸಿ ಎರಡೂ ನೆಟ್‌ವರ್ಕ್ ಒಳಗೇ, ಅಂದರೆ ಪ್ಲಾನ್ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲೇ, ಇರಬೇಕು ಅನ್ನುವುದನ್ನೂ ಮರೆಯಬೇಡಿ.

ಈಗ ಒಂದೇ ಹೆಸರಿನ ಎರಡು ಕಾರ್ಡಿನ ಕಥೆಗೆ ಬರೋಣ. ದೊಡ್ಡ ಕಂಪನಿಗಳು ಹೆಚ್ಚಾಗಿ ನೌಕರರ ಆಸ್ಪತ್ರೆ ಖರ್ಚನ್ನು ತಾವೇ ಭರಿಸುತ್ತವೆ. ಇನ್ಶೂರೆನ್ಸ್ ಕಂಪನಿ ಬರೀ ಲೆಕ್ಕ ಬರೆಯುತ್ತದೆ. ಇದು 'ಸೆಲ್ಫ್ ಫಂಡೆಡ್' ಪ್ಲಾನ್. ಕಂಪನಿಯಿಂದ ಇನ್ಶೂರೆನ್ಸ್ ಪಡೆಯುವ ನೌಕರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಂಥದ್ದರಲ್ಲೇ ಇದ್ದಾರೆ. 1974ರ ಎರಿಸಾ ಕಾನೂನಿನಿಂದಾಗಿ ರಾಜ್ಯದ ಇನ್ಶೂರೆನ್ಸ್ ನಿಯಮಗಳು ಇವಕ್ಕೆ ತಾಗುವುದಿಲ್ಲ. ಕೇಂದ್ರದ್ದು ಮಾತ್ರ ತಾಗುತ್ತದೆ. ಇದರಿಂದ ಏನು ಕಷ್ಟ ಅಂದರೆ, ಒಳ್ಳೆಯ ಸೌಲಭ್ಯಗಳು ರಾಜ್ಯದ ಕಾನೂನಿನಲ್ಲೇ ಇವೆ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಒಮ್ಮೆಗೇ 12 ತಿಂಗಳ ಮಾತ್ರೆ ಕೊಡಬೇಕು ಅನ್ನುವ ನಿಯಮವಿದೆ. ಒರೆಗಾನ್‌ನಲ್ಲೂ ಇದೆ. ಆದರೆ ನಿಮ್ಮದು ಸೆಲ್ಫ್ ಫಂಡೆಡ್ ಆದರೆ ಸ್ಯಾನ್ ಹೋಸೆಯಲ್ಲೇ ಇದ್ದರೂ ಆ ಹಕ್ಕು ನಿಮಗಿಲ್ಲ. 30 ದಿನ ಅಥವಾ 90 ದಿನದ್ದನ್ನೇ ತೆಗೆದುಕೊಳ್ಳಬೇಕು. ಎಚ್‌ಆರ್‌ಗೆ "ನಮ್ಮದು ಸೆಲ್ಫ್ ಫಂಡೆಡ್ಡಾ, ಫುಲ್ಲಿ ಇನ್ಶೂರ್ಡಾ?" ಅಂತ ಒಂದು ಸಾಲಿನ ಇಮೇಲ್ ಹಾಕಿ. ಯಾಕೆ ಅಂತ ಕಾರಣ ಹೇಳಬೇಕಾಗಿಲ್ಲ.

ಕಾರ್ಡ್ ಇದ್ದೂ ಪೂರ್ತಿ ಕೈಕೊಡುವ ಪ್ಲಾನ್‌ಗಳೂ ಇವೆ. 2010ರ ಮಾರ್ಚ್‌ಗೆ ಮೊದಲಿನಿಂದ ಹೆಚ್ಚು ಬದಲಾಗದೆ ಉಳಿದ ಹಳೆಯ ಪ್ಲಾನ್‌ಗಳಿಗೆ ಈ ನಿಯಮ ಇಲ್ಲ. ಅಂಥವು ಈಗ ಅಪರೂಪ. ಧರ್ಮದ ಕಾರಣಕ್ಕೆ ವಿನಾಯಿತಿ ಪಡೆದ ಸಂಸ್ಥೆಗಳು ಇನ್ನೊಂದು ಗುಂಪು. ಮೊದಲು ಇದು ಚರ್ಚ್‌ಗಳಿಗೆ ಮಾತ್ರ ಇತ್ತು. 2014ರಲ್ಲಿ ಹಾಬಿ ಲಾಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವರೇ ಒಡೆಯರಿರುವ ಖಾಸಗಿ ಕಂಪನಿಗಳಿಗೂ ದಾರಿ ತೆರೆಯಿತು. 2018ರ ನಿಯಮಗಳು ಅದನ್ನು ಇನ್ನೂ ಅಗಲ ಮಾಡಿದವು, 2020ರಲ್ಲಿ ಸುಪ್ರೀಂ ಕೋರ್ಟ್ ಅವನ್ನೂ ಎತ್ತಿಹಿಡಿಯಿತು. ಆದರೆ 2025ರ ಆಗಸ್ಟ್‌ನಲ್ಲಿ ಕೆಳಗಿನ ಕೋರ್ಟೊಂದು ಬೇರೆ ಕಾರಣಕ್ಕೆ ಅವನ್ನು ರದ್ದು ಮಾಡಿತು. ಧಾರ್ಮಿಕ ಸಂಸ್ಥೆ ನಡೆಸುವ ಆಸ್ಪತ್ರೆ, ಕಾಲೇಜುಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ನರ್ಸ್‌ಗಳು, ಪ್ರೊಫೆಸರ್‌ಗಳು ಸೇರುವ ಮುಂಚೆಯೇ ಪ್ಲಾನ್ ಪುಸ್ತಕ ನೋಡುವುದು ಒಳ್ಳೆಯದು. ಇಂಥ ಕೆಲವು ಪ್ಲಾನ್‌ಗಳು ಪಿಸಿಒಎಸ್‌ನಂಥ ಬೇರೆ ಕಾರಣಕ್ಕೆ ಬರೆದ ಅದೇ ಮಾತ್ರೆಗೆ ದುಡ್ಡು ಕೊಡುತ್ತವೆ. ವಿಚಿತ್ರ, ಆದರೂ ನಿಜ.

ಇನ್ನು ಗುಟ್ಟಿನ ಮಾತು. ಇನ್ಶೂರೆನ್ಸ್‌ನಲ್ಲಿ ಏನೇ ಪಡೆದರೂ ಅದರ ವಿವರದ ಕಾಗದ, ಅಂದರೆ ಇಒಬಿ, ಸಾಮಾನ್ಯವಾಗಿ ಪ್ಲಾನ್ ಯಾರ ಹೆಸರಲ್ಲಿದೆಯೋ ಅವರಿಗೆ ಹೋಗುತ್ತದೆ. ಅಪ್ಪನ ಪ್ಲಾನ್‌ನಲ್ಲಿರುವ 22ರ ಮಗಳ ಭೇಟಿಯ ವಿವರ ಅಪ್ಪನ ಲಾಗಿನ್‌ನಲ್ಲಿ ಕಾಣಬಹುದು. ಗಂಡನ ಪ್ಲಾನ್‌ನಲ್ಲಿರುವ ಹೆಂಡತಿಯದೂ ಅಷ್ಟೆ. ಕಾಗದಗಳನ್ನು ಬೇರೆ ವಿಳಾಸಕ್ಕೋ ಇಮೇಲಿಗೋ ಕಳಿಸಿ ಅಂತ 'ಕಾನ್ಫಿಡೆನ್ಷಿಯಲ್ ಕಮ್ಯುನಿಕೇಷನ್' ಅರ್ಜಿ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಬಲವಾದ ಕಾನೂನಿದೆ. ಬೇರೆ ಕಡೆ ಪ್ಲಾನ್ ನೋಡಿ ನಡೆಯುತ್ತದೆ. ಮನೆಯಲ್ಲಿ ಗೊತ್ತಾದರೆ ನಿಜಕ್ಕೂ ತೊಂದರೆ ಅನ್ನುವವರು ಈ ಅರ್ಜಿಯನ್ನೊಂದನ್ನೇ ನಂಬಿ ಕೂರಬೇಡಿ. ಮುಂದೆ ಹೇಳುವ ಬೇರೆ ದಾರಿ ನೋಡಿ.

ಓದುವ ಹುಡುಗಿಯರಿಗೆ

ಕ್ಯಾಂಪಸ್‌ನಿಂದ ಕೊಡುವ ಇನ್ಶೂರೆನ್ಸ್ ದುಬಾರಿ ಅಂತ, ಹೊರಗಿನ ಅಗ್ಗದ 'ಇಂಟರ್‌ನ್ಯಾಷನಲ್ ಸ್ಟೂಡೆಂಟ್' ಪ್ಲಾನ್ ಕೊಳ್ಳುವುದು ನಮ್ಮವರ ಅಭ್ಯಾಸ. ನಾನೂ ಹಾಗೇ ಮಾಡಿದವಳೇ. ಮಾತ್ರೆ ಬೇಕಿರುವವರು ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ವಿಶ್ವವಿದ್ಯಾಲಯ ಒಂದು ಇನ್ಶೂರೆನ್ಸ್ ಕಂಪನಿಯಿಂದ ಕೊಂಡು ಕೊಡುವ ಪ್ಲಾನ್‌ಗೆ ಎಸಿಎ ನಿಯಮ ತಾಗುತ್ತದೆ, ಮಾತ್ರೆ ಫ್ರೀ. ಧಾರ್ಮಿಕ ಕಾಲೇಜುಗಳಲ್ಲಿ ಮತ್ತೆ ವಿನಾಯಿತಿ ಇರಬಹುದು. ವಿಶ್ವವಿದ್ಯಾಲಯವೇ ಸ್ವಂತ ದುಡ್ಡಿನಲ್ಲಿ ನಡೆಸುವ ಪ್ಲಾನ್‌ಗೆ ಈ ಕಡ್ಡಾಯ ಇಲ್ಲ. ಹೊರಗಿನ ಅಗ್ಗದ ಪ್ಲಾನ್, ಪ್ರವಾಸಿ ಇನ್ಶೂರೆನ್ಸ್, ಅಲ್ಪಾವಧಿ ಪ್ಲಾನ್ ಯಾವುದಕ್ಕೂ ಇಲ್ಲ. ಅವುಗಳಲ್ಲಿ 'ಎಕ್ಸ್‌ಕ್ಲೂಷನ್ಸ್' ಅನ್ನುವ ಪುಟ ತೆರೆದರೆ ಗರ್ಭನಿರೋಧಕದ ಹೆಸರು ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಆದರೂ ಮಾತ್ರೆ ಒಂದಕ್ಕೋಸ್ಕರ ಸಾವಿರಾರು ಡಾಲರ್ ಜಾಸ್ತಿಯ ಪ್ಲಾನ್ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬೇರೆ ಕಾಯಿಲೆ, ಅಪಘಾತ ನೋಡಿಕೊಂಡು ಅದನ್ನು ತೀರ್ಮಾನಿಸಿ. ಮಾತ್ರೆಗೆ ಕೈದುಡ್ಡಿನ ದಾರಿ ಅಷ್ಟೇನೂ ದುಬಾರಿಯಲ್ಲ.

ಕೆಲಸ ಹೋದಾಗ

ಎಚ್‌-1ಬಿ ಕೆಲಸದ ವೀಸಾದವರಿಗೆ, ಕೆಲಸ ಹೋದ ಮೇಲೆ ಇಲ್ಲಿ ಉಳಿಯಲು ಸಿಗುವ ಆ 60 ದಿನದಲ್ಲಿ ನೂರು ಚಿಂತೆ. ಮಾತ್ರೆಯ ಚಿಂತೆ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಮಾತ್ರೆ ಮುಗಿದಿರುತ್ತದೆ. ಇನ್ಶೂರೆನ್ಸ್ ಕೆಲವು ಕಂಪನಿಗಳಲ್ಲಿ ಕೊನೆಯ ದಿನವೇ ನಿಲ್ಲುತ್ತದೆ, ಕೆಲವು ಕಡೆ ತಿಂಗಳ ಕೊನೆಯವರೆಗೆ ಇರುತ್ತದೆ. ಸುದ್ದಿ ಬಂದ ದಿನವೇ 90 ದಿನದ ರೀಫಿಲ್ ಹಾಕಿಸಿ.

ಆಮೇಲೆ ಎರಡು ದಾರಿ. ಕೋಬ್ರಾ ಅನ್ನುವ ಕಾನೂನಿನಡಿ ಹಳೆಯ ಕಂಪನಿಯ ಅದೇ ಪ್ಲಾನ್ 18 ತಿಂಗಳವರೆಗೆ ಮುಂದುವರಿಯುತ್ತದೆ. ಆದರೆ ಕಂಪನಿಯ ಪಾಲನ್ನೂ ಸೇರಿಸಿ 102 ಶೇಕಡಾ ಪ್ರೀಮಿಯಂ ನೀವೇ ಕೊಡಬೇಕು. ಒಂದು ಅನುಕೂಲ ಇದೆ. ಸೇರಲು 60 ದಿನ ಸಮಯ ಇದ್ದು, ಸೇರಿದರೆ ಹಿಂದಿನ ದಿನಾಂಕದಿಂದಲೇ ಲೆಕ್ಕ. ಹಾಗಾಗಿ ಆ ಎರಡು ತಿಂಗಳು ಕಾದು ನೋಡಬಹುದು. ಇನ್ನೊಂದು ಮಾರ್ಕೆಟ್‌ಪ್ಲೇಸ್ ಪ್ಲಾನ್, ಅಂದರೆ ಎಸಿಎ ಅಡಿಯ ಸರ್ಕಾರಿ ಇನ್ಶೂರೆನ್ಸ್ ಸಂತೆಯಲ್ಲಿ ನಾವೇ ಕೊಳ್ಳುವುದು. ವೀಸಾದಲ್ಲಿ ಇರುವವರೂ ಕೊಳ್ಳಬಹುದು, ಮಾತ್ರೆ ಫ್ರೀ ನಿಯಮ ಅಲ್ಲೂ ಇದೆ. ಪ್ರೀಮಿಯಂಗೆ ಸಿಗುವ ಸರ್ಕಾರದ ಸಹಾಯ ಮಾತ್ರ 2027ರಿಂದ ಎಚ್‌-1ಬಿ, ಎಚ್‌-4, ಎಫ್‌-1 (ಓದಿನ ವೀಸಾ) ಇವರಿಗೆ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಉಳಿಯುತ್ತದೆ. ವೀಸಾದವರು ಆಗ ಪೂರ್ತಿ ಪ್ರೀಮಿಯಂ ಕೈಯಿಂದಲೇ ಕೊಡಬೇಕಾಗುತ್ತದೆ. ಬರೀ ಮಾತ್ರೆಗಾಗಿ ಯಾವುದೂ ಲಾಭದ ವ್ಯಾಪಾರ ಅಲ್ಲ.

ಮೆಡಿಕೇಡ್ ಮತ್ತು ಕುಟುಂಬ ಯೋಜನೆ ಕ್ಲಿನಿಕ್‌ಗಳು

ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್, ಸಿಗುವವರಿಗೆ ಮಾತ್ರೆಯ ವಿಷಯದಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಕುಟುಂಬ ಯೋಜನೆಗೆ ಅಲ್ಲಿ ಕೋಪೇ ಇಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದು ಸಿಗುವುದಿಲ್ಲ. ಕೆಲಸದ, ಓದಿನ ವೀಸಾದವರಿಗೆ ಸಾಮಾನ್ಯವಾಗಿ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಹೆಚ್ಚಿನ ವಯಸ್ಕರು ಐದು ವರ್ಷ ಕಾಯಬೇಕು. ಆಮೇಲೂ ಆದಾಯದ ಮಿತಿ ಇದೆ.

ಟೈಟಲ್ ಟೆನ್ ಕ್ಲಿನಿಕ್‌ಗಳು ಬೇರೆ ಮಾತು. 1970ರಿಂದ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿವೆ. ಆದಾಯ ಬಡತನದ ರೇಖೆಗಿಂತ ಕೆಳಗಿದ್ದರೆ ಫ್ರೀ, ಅದರ ಎರಡೂವರೆ ಪಟ್ಟಿನವರೆಗೆ ಇದ್ದರೆ ಆದಾಯ ನೋಡಿ ರಿಯಾಯಿತಿ. ಗುಟ್ಟು ಕಾಪಾಡುವುದರಲ್ಲಿ ಇವರು ಗಟ್ಟಿ. ಅಪ್ಪನ ಇನ್ಶೂರೆನ್ಸ್ ಬಳಸಲು ಹೆದರುವ ಹುಡುಗಿ ಮೊದಲು ಇಲ್ಲಿಗೆ ಫೋನ್ ಮಾಡಲಿ, "ಇನ್ಶೂರೆನ್ಸ್‌ಗೆ ಬಿಲ್ ಕಳಿಸಬೇಡಿ" ಅಂತ ಮೊದಲೇ ಹೇಳಲಿ. ಸರ್ಕಾರದ ಸೌಲಭ್ಯಕ್ಕೂ ವೀಸಾಕ್ಕೂ ಇರುವ ನಂಟಿನ ನಿಯಮಗಳು ಆಗಾಗ ಬದಲಾಗುತ್ತವೆ. ವೀಸಾದಲ್ಲಿರುವವರು ಹೋಗುವ ಮೊದಲು ಕ್ಲಿನಿಕ್ಕನ್ನು, ಅನುಮಾನ ಇದ್ದರೆ ವಕೀಲರನ್ನು ಕೇಳಿ.

ಕೈದುಡ್ಡು: ಕೂಪನ್, ಆನ್‌ಲೈನ್ ಡಾಕ್ಟರ್, ಓಪಿಲ್

ಇನ್ಶೂರೆನ್ಸ್ ಇಲ್ಲದಿದ್ದರೆ ಮಾತ್ರೆಯೇ ಇಲ್ಲ ಅಂತ ಭಾವಿಸುವವರು ತುಂಬ. ಹಾಗೇನಿಲ್ಲ. ಹಳೆಯ ಜೆನೆರಿಕ್ ಮಾತ್ರೆಗಳು ಗುಡ್‌ಆರ್‌ಎಕ್ಸ್‌ನಂಥ ಕೂಪನ್ ತೋರಿಸಿದರೆ ಸಾಮಾನ್ಯವಾಗಿ ತಿಂಗಳಿಗೆ 10ರಿಂದ 30 ಡಾಲರ್ ಒಳಗೆ ಸಿಗುತ್ತವೆ. ಒಂದೇ ಬೀದಿಯ ಎರಡು ಫಾರ್ಮಸಿಯಲ್ಲಿ ಬೆಲೆ ದುಪ್ಪಟ್ಟು ವ್ಯತ್ಯಾಸ ಇರುತ್ತದೆ, ಹಾಗಾಗಿ ನೋಡಿ ಕೊಳ್ಳಿ. ಕೂಪನ್ ಬಳಸಿದ ದುಡ್ಡು ಸಾಮಾನ್ಯವಾಗಿ ನಿಮ್ಮ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ. ಇನ್ಶೂರೆನ್ಸ್‌ಗೆ ಸುದ್ದಿಯೂ ಹೋಗುವುದಿಲ್ಲ. ಕೆಲವರಿಗೆ ಇದೇ ಬೇಕಾಗಿರುವುದು.

ಖರ್ಚು ಬರುವುದು ಪ್ರಿಸ್ಕ್ರಿಪ್ಷನ್‌ಗೆ. ನರ್ಕ್ಸ್‌ನಂಥ ಆನ್‌ಲೈನ್ ಸೇವೆಗಳು ಕಡಿಮೆ ಶುಲ್ಕಕ್ಕೆ ಬರೆದುಕೊಟ್ಟು ಮನೆಗೇ ಕಳಿಸುತ್ತವೆ. ಕ್ಯಾಲಿಫೋರ್ನಿಯಾ, ಒರೆಗಾನ್‌ನಂಥ ರಾಜ್ಯಗಳಲ್ಲಿ ಫಾರ್ಮಸಿಸ್ಟೇ ಬರೆದುಕೊಡಬಹುದು. ಒಂದು ಪ್ರಶ್ನಾವಳಿ, ಒಮ್ಮೆ ಬಿಪಿ ನೋಡುವುದು, ಅಷ್ಟೆ. ಆ ಪ್ರಶ್ನೆಗಳಿಗೆ ಸುಮ್ನೆ 'ಇಲ್ಲ, ಇಲ್ಲ' ಅಂತ ಒತ್ತಬೇಡಿ. ಕಣ್ಣೆದುರು ಮಿಂಚು ಬರುವ ಮೈಗ್ರೇನ್, ಬಿಪಿ, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, 35 ದಾಟಿದ ಮೇಲೆ ಸಿಗರೇಟು, ಇವು ಇದ್ದವರಿಗೆ ಎರಡು ಹಾರ್ಮೋನಿನ ಮಾತ್ರೆ ಅಪಾಯ.

ಓಪಿಲ್ ಬಂದ ಮೇಲೆ ಡಾಕ್ಟರ್ ಚೀಟಿಯೂ ಬೇಡ. ಇದು ನಾರ್ಜೆಸ್ಟ್ರೆಲ್ ಅನ್ನುವ ಪ್ರೊಜೆಸ್ಟಿನ್ ಒಂದೇ ಇರುವ ಮಾತ್ರೆ. 2023ರ ಜುಲೈನಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, 2024ರ ಮಾರ್ಚ್‌ನಲ್ಲಿ ಅಂಗಡಿಗೆ ಬಂತು. ತಯಾರಕರು ಹೇಳಿದ ಬೆಲೆ ತಿಂಗಳಿಗೆ 19.99 ಡಾಲರ್, ಮೂರು ತಿಂಗಳಿಗೆ 49.99, ಆನ್‌ಲೈನ್‌ನಲ್ಲಿ ಆರು ತಿಂಗಳಿಗೆ 89.99. ಆರು ತಿಂಗಳದ್ದೇ ಕೊಂಡರೆ ವರ್ಷಕ್ಕೆ ಸುಮಾರು 180 ಡಾಲರ್, ಡಾಕ್ಟರ್ ಬಿಲ್ ಇಲ್ಲ, ವಯಸ್ಸಿನ ಕಟ್ಟು ಇಲ್ಲ. ಆಸ್ಪತ್ರೆ ಖರ್ಚಿಗೆ ಅಂತ ತೆರಿಗೆ ಇಲ್ಲದೆ ಎತ್ತಿಡುವ ದುಡ್ಡಿನ ಎಚ್‌ಎಸ್‌ಎ, ಎಫ್‌ಎಸ್‌ಎ ಕಾರ್ಡ್ ಉಜ್ಜಬಹುದು. ಇವತ್ತು ಸಂಜೆಯೇ ಶುರು ಮಾಡಬಹುದು.

ಇದರ ಬೆಲೆ ಶಿಸ್ತಿನಲ್ಲಿ ಕೊಡಬೇಕು. ದಿನಾ ಅದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಮೂರು ಗಂಟೆಗಿಂತ ಜಾಸ್ತಿ ತಡವಾದರೆ ಮುಂದಿನ 48 ಗಂಟೆ ಕಾಂಡೋಮ್ ಬೇಕು. ಭಾರತಕ್ಕೆ ಹೋದಾಗ ಸಮಯದ ವ್ಯತ್ಯಾಸದ ಲೆಕ್ಕ ಹಾಕಬೇಕು. ನಡುನಡುವೆ ರಕ್ತಸ್ರಾವ ಕಾಣುವುದು ಸಾಮಾನ್ಯ. ಸ್ತನ ಕ್ಯಾನ್ಸರ್ ಆಗಿದ್ದವರು ತೆಗೆದುಕೊಳ್ಳಬಾರದು. ನಾನಂತೂ ಫೋನಿನಲ್ಲಿ ಅಲಾರಂ ಇಟ್ಟೂ ಮರೆಯುವವಳು, ಹಾಗಾಗಿ ನನಗೆ ಇದು ಹೊಂದದು. ಮಗುವಿಗೆ ಹಾಲು ಕೊಡುತ್ತಿರುವ ತಾಯಿಗೆ, ಎಸ್ಟ್ರೋಜೆನ್ ಬೇಡ ಅಂದಿರುವವರಿಗೆ ಪ್ರೊಜೆಸ್ಟಿನ್ ಮಾತ್ರೆ ಸರಿಹೋಗಬಹುದು, ಒಮ್ಮೆ ಡಾಕ್ಟರನ್ನು ಕೇಳಿ.

ಇನ್ಶೂರೆನ್ಸ್ ಓಪಿಲ್‌ಗೆ ದುಡ್ಡು ಕೊಡುತ್ತದಾ? ಚೀಟಿ ಇಲ್ಲದೆ ಕೊಳ್ಳುವುದಕ್ಕೂ ಪ್ಲಾನ್ ಕೊಡಬೇಕು ಅನ್ನುವ ಕೇಂದ್ರದ ಪ್ರಸ್ತಾವ 2024ರ ಅಕ್ಟೋಬರ್‌ನಲ್ಲಿ ಬಂದು, 2025ರ ಜನವರಿಯಲ್ಲಿ ವಾಪಸ್ ಹೋಯಿತು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ರಾಜ್ಯದ ಹಿಡಿತದ ಪ್ಲಾನ್‌ಗಳು ಕೊಡಬೇಕು. ಸೆಲ್ಫ್ ಫಂಡೆಡ್ ಮತ್ತೆ ಹೊರಗೆ. ಡಾಕ್ಟರ್ ಚೀಟಿ ಬರೆಸಿ ಕೌಂಟರಿನಲ್ಲಿ ಕೊಟ್ಟರೆ ಕೆಲವು ಪ್ಲಾನ್ ಒಪ್ಪುತ್ತವೆ. ಆದರೆ ಡಾಕ್ಟರ್ ಹತ್ತಿರ ಹೋಗುವುದೇ ಆದರೆ ಹೇಗೂ ಫ್ರೀ ಸಿಗುವ ಜೆನೆರಿಕ್ಕನ್ನೇ ಬರೆಸಿಕೊಳ್ಳಬಹುದಲ್ಲ?

ಊರಿಂದ ತರುವುದು

ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪಕ್ಕ ಮಾತ್ರೆ ಸ್ಟ್ರಿಪ್ ಇಟ್ಟು ತರುವವರು ಬಹಳ. ಮೂರು ತಿಂಗಳ ಸ್ವಂತ ಬಳಕೆಗೆ, ಮೂಲ ಪ್ಯಾಕಿನಲ್ಲಿ, ಡಾಕ್ಟರ್ ಚೀಟಿ ಜೊತೆ ತಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹೊಸದಾಗಿ ಬಂದು, ಇನ್ಶೂರೆನ್ಸ್ ಶುರುವಾಗುವವರೆಗೆ ಇದು ಒಳ್ಳೆಯ ಆಸರೆ. ವರ್ಷಗಟ್ಟಲೆ ಇದನ್ನೇ ನೆಚ್ಚುವುದು ನನಗೆ ಸರಿ ಕಾಣುವುದಿಲ್ಲ. ಯಾರಾದರೂ ಬರುವವರೆಗೆ ಕಾಯಬೇಕು, ಬಿಪಿ ನೋಡುವವರು ಯಾರೂ ಇರುವುದಿಲ್ಲ.

ಖಾಲಿ ಸ್ಟ್ರಿಪ್ ಬಿಸಾಡಬೇಡಿ. ಹೆಸರು ಬೇರೆಯಾದರೂ ಒಳಗಿನ ಔಷಧಿ ಇಲ್ಲೂ ಸಿಗುವುದುಂಟು. ಉದಾಹರಣೆಗೆ ಮಾಲಾ-ಡಿಯಲ್ಲಿರುವ 0.15 ಮಿಗ್ರಾಂ ಲೆವೊನಾರ್ಜೆಸ್ಟ್ರೆಲ್, 0.03 ಮಿಗ್ರಾಂ ಎಥಿನೈಲ್ ಎಸ್ಟ್ರಾಡಿಯಾಲ್ ಇಲ್ಲಿ ಪೋರ್ಷಿಯಾದಂಥ ಜೆನೆರಿಕ್ ಹೆಸರುಗಳಲ್ಲಿದೆ. ಸ್ಟ್ರಿಪ್ ತೋರಿಸಿದರೆ ಡಾಕ್ಟರ್ ಅದನ್ನೇ ಬರೆಯಬಹುದು. ವಾರಕ್ಕೊಮ್ಮೆಯ ಸಹೇಲಿ ಮಾತ್ರ ಇಲ್ಲಿ ಸಿಗುವುದಿಲ್ಲ. ಅದನ್ನು ತೆಗೆದುಕೊಳ್ಳುತ್ತಿದ್ದವರು ಬರುವ ಮೊದಲೇ ಊರಿನ ಡಾಕ್ಟರ ಜೊತೆ ಬದಲಿಯ ಮಾತಾಡಿ.

ಇನ್ನು ಈಚೆಯಿಂದ ಆಚೆ ಹೋಗುವವರಿಗೆ. ಎರಡು ತಿಂಗಳು ಊರಿಗೆ ಹೊರಟಿದ್ದೀರಿ, ಫಾರ್ಮಸಿಯವರು "ರೀಫಿಲ್‌ಗೆ ಇನ್ನೂ ಸಮಯ ಆಗಿಲ್ಲ" ಅನ್ನುತ್ತಾರೆ. ಆಗ ಜಗಳ ಆಡಬೇಡಿ. ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ 'ವೆಕೇಶನ್ ಓವರ್‌ರೈಡ್' ಬೇಕು ಅನ್ನಿ, ಹೊರಡುವ ಮತ್ತು ಮರಳುವ ದಿನಾಂಕ ಹೇಳಿ. ಹಲವು ಪ್ಲಾನ್‌ಗಳು ವರ್ಷಕ್ಕೆ ಒಮ್ಮೆಯಾದರೂ ಕೊಡುತ್ತವೆ. ಟಿಕೆಟ್ ಬುಕ್ ಮಾಡಿದ ವಾರವೇ ಕೇಳಿ. ಡಿಸೆಂಬರ್‌ನಲ್ಲಿ ಆ ಫೋನಿನ ಕಾಯುವ ಸಂಗೀತ ಮುಗಿಯುವುದೇ ಇಲ್ಲ.